ಸಂಜೆ ಅಡುಗೆ ಹೊತ್ತಿಗೆ ರೇಡಿಯೋ ಹಾಕಿ ನೋಡಿ

ಆಫೀಸಿಂದ ಬಂದು, ಮೊಬೈಲನ್ನು ಗೋಡೆಗೆ ಒರಗಿಸಿ, ಏನಾದರೂ ನೋಡುತ್ತಾ ಅಡುಗೆ ಮಾಡುವ ಅಭ್ಯಾಸ ನಮ್ಮಲ್ಲಿ ಎಷ್ಟೋ ಜನರಿಗಿದೆ, ಅಲ್ವಾ? ದಿನವಿಡೀ ಕಂಪ್ಯೂಟರ್ ನೋಡಿದ ಕಣ್ಣಿಗೆ ಮತ್ತೆ ಅದೇ ಕೆಲಸ. ಒಗ್ಗರಣೆ ಕಡೆ ಗಮನವೂ ಇರುವುದಿಲ್ಲ. ಆ ಹೊತ್ತಿಗೆ ರೇಡಿಯೋ ಹಾಕಿ. ಕೈ, ಕಣ್ಣು ಎರಡೂ ಬಿಡುವಾಗಿರುತ್ತವೆ. ಮುಂದೇನು ಹಾಕಲಿ ಎಂದು ಹುಡುಕುವ ಗೋಜೂ ಇಲ್ಲ.

ಬೆಂಗಳೂರಲ್ಲಿ 102.9ರಲ್ಲಿ ವಿವಿಧ ಭಾರತಿ, 101.3ರಲ್ಲಿ ಎಫ್‌ಎಂ ರೇನ್‌ಬೋ ಸಿಗುತ್ತದೆ. ಮೈಸೂರು ಆಕಾಶವಾಣಿ 100.6ರಲ್ಲಿದೆ. (ಆಕಾಶವಾಣಿ ಎನ್ನುವ ಹೆಸರು ಬಂದದ್ದೇ ಮೈಸೂರಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಶುರು ಮಾಡಿದ ಕೇಂದ್ರದಿಂದ. ನನಗೆ ಇದು ಬಹಳ ಹೆಮ್ಮೆಯ ವಿಷಯ.)

ಮೊಬೈಲಲ್ಲಿ ಎಫ್‌ಎಂ ಇದ್ದರೆ ವೈರ್ ಇರುವ ಇಯರ್‌ಫೋನ್ ಚುಚ್ಚಬೇಕು. ಆ ವೈರೇ ಆಂಟೆನಾ. ಬ್ಲೂಟೂತ್ ಇಯರ್‌ಫೋನ್ ಇದಕ್ಕೆ ಆಗುವುದಿಲ್ಲ. ಚುಚ್ಚಿದ ಮೇಲೆ ಸ್ಪೀಕರ್ ಆಯ್ಕೆ ಒತ್ತಿದರೆ ಹಾಡು ಹೊರಗೆ ಕೇಳುತ್ತದೆ. ಈಗಿನ ಎಷ್ಟೋ ಫೋನ್‌ಗಳಲ್ಲಿ ಎಫ್‌ಎಂ ಇಲ್ಲ. ಅಂಥವರು, ಹಾಗೆಯೇ ಹೊರದೇಶದಲ್ಲಿರುವವರು, ಆಕಾಶವಾಣಿ ಕೇಂದ್ರಗಳನ್ನು ಕೇಳಿಸುವ ನ್ಯೂಸ್‌ಆನ್‌ಏರ್ ಆ್ಯಪ್ ಹಾಕಿಕೊಳ್ಳಬಹುದು. ಅದಕ್ಕೆ ಇಂಟರ್ನೆಟ್ ಬೇಕು. ಪ್ರಸಾರ ಸ್ವಲ್ಪ ತಡವಾಗಿ ಬರುತ್ತದೆ, ಆದ್ದರಿಂದ ಅದನ್ನು ಕೇಳಿ ಗಡಿಯಾರ ಸರಿಮಾಡಬೇಡಿ.

ನನ್ನ ಆಯ್ಕೆ ಮಾತ್ರ ಪುಟ್ಟ ಸೆಲ್ ರೇಡಿಯೋ. ಆಂಟೆನಾ ಪೂರ್ತಿ ಎಳೆದು ಕಿಟಕಿ ಹತ್ತಿರ ಇಡಿ. ಗರಗರ ಸದ್ದು ಬಂದರೆ ಹತ್ತಿರದ ಎಲ್‌ಇಡಿ ಬಲ್ಬ್ ಅಥವಾ ಚಾರ್ಜರ್ ಆರಿಸಿ ನೋಡಿ. ಊರಿಗೆ ಹೋಗುವಾಗ ಸೆಲ್ ತೆಗೆದಿಡಿ. ಸೋರಿದರೆ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ.