ಹಲ್ಲಿನ ಕ್ಲಿನಿಕ್‌ನಲ್ಲಿ ಅಸಿಸ್ಟೆಂಟ್ ಆಗಬೇಕಾ? ಸಿಂಕ್ ಹತ್ತಿರದಿಂದ ಶುರು ಮಾಡಿ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗ್‌ನ ಕೆಳಗಿನ ಮನೆಗೆ ಕಲಬುರಗಿ ಕಡೆಯ ಕುಟುಂಬ ಬಂದಿದೆ. ಅವರ ಮಗಳು ಹನ್ನೆರಡನೇ ಕ್ಲಾಸ್ ಮುಗಿಸಿ ಮನೆಯಲ್ಲಿದ್ದಾಳೆ. ಹೋದ ವಾರ ಮೆಟ್ಟಿಲ ಹತ್ತಿರ ಸಿಕ್ಕಿ ಕೇಳಿದಳು, "ಅಕ್ಕಾ, ಹಲ್ಲಿನ ಡಾಕ್ಟ್ರ ಬಲ್ಲಿ ಕೆಲಸ ಅದ ಅಂತ. ಅಲ್ಲಿ ಬರೇ ಸಾಮಾನ ತೊಳಿಯೂದೇನ್ರಿ?"

ತೊಳೆಯುವುದು ಇದೆ, ಆದರೆ "ಬರೇ" ಅಲ್ಲ. ಠಾಣೆಯಲ್ಲಿ ಶುರು ಮಾಡಿ ಈಗ ಮುಲುಂಡ್‌ನಲ್ಲಿ, ಒಟ್ಟು 14 ವರ್ಷ ನಾನು ಇದೇ ಕೆಲಸ ಮಾಡಿದ್ದೇನೆ. ಹೊಸಬರಿಗೆ ಮೊದಲ ವಾರದಿಂದಲೇ ಡಾಕ್ಟರ್ ಪಕ್ಕದ ಸ್ಟೂಲ್ ಮೇಲೆ ಆಸೆ. ಸಿಂಕ್ ಹತ್ತಿರ ನಿಲ್ಲಿಸಿದರೆ ಮುಖ ಸಣ್ಣದಾಗುತ್ತದೆ. ಆದರೆ ಡಾಕ್ಟರ್ ಕಣ್ಣು ಇಡೀ ದಿನ ಪೇಶಂಟ್ ಬಾಯೊಳಗೇ ಇರುತ್ತದೆ. ಒಬ್ಬರ ಬಾಯಿಂದ ತೆಗೆದ ಸಾಮಾನು ಇನ್ನೊಬ್ಬರ ಬಾಯಿಗೆ ಹೋಗುವ ಮೊದಲು ನಿಜವಾಗಿ ಶುದ್ಧ ಆಯಿತೋ ಇಲ್ಲವೋ ಅಂತ ನೋಡುವುದು ನೀವೊಬ್ಬರೇ. ಅದಕ್ಕೇ ನಾನು ಯಾರಿಗೆ ಕಲಿಸಿದರೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಕೆಲಸ ಹುಡುಕುವ ಮೊದಲು ನಿಮ್ಮ ಹಲ್ಲನ್ನೇ ಒಮ್ಮೆ ತೋರಿಸಿಕೊಂಡು ಬನ್ನಿ. ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ ಹತ್ತಿರ ಸರ್ಕಾರಿ ಡೆಂಟಲ್ ಕಾಲೇಜು ಇದೆ, ಮುಂಬೈ ಸೆಂಟ್ರಲ್‌ನಲ್ಲಿ ಪಾಲಿಕೆಯ ನಾಯರ್ ಡೆಂಟಲ್ ಕಾಲೇಜು ಇದೆ. ಆ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿ, ಮುಖದ ಮೇಲೆ ಲೈಟ್ ಬಿದ್ದು, ಮಾತಾಡಲೂ ಆಗದೆ ಇದ್ದರೆ ಹೇಗಿರುತ್ತದೆ ಅನ್ನುವುದು ನಿಮಗೆ ಗೊತ್ತಿರಬೇಕು. ರಕ್ತ ನೋಡಿದರೆ ತಲೆ ತಿರುಗುತ್ತದಾ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ.

ಸಣ್ಣ ಕ್ಲಿನಿಕ್‌ಗಳು ಹತ್ತನೇ ಅಥವಾ ಹನ್ನೆರಡನೇ ಪಾಸ್ ಆದವರನ್ನು ತೆಗೆದುಕೊಂಡು ತಾವೇ ಕಲಿಸುತ್ತವೆ. ಡೆಂಟಲ್ ಅಸಿಸ್ಟೆಂಟ್ ಅಂತಲೇ ಸರ್ಟಿಫಿಕೇಟ್ ಕೋರ್ಸ್‌ಗಳೂ ಇವೆ, ದೊಡ್ಡ ಕ್ಲಿನಿಕ್‌ಗಳಲ್ಲಿ ಅವುಗಳಿಂದ ಉಪಯೋಗ ಆಗುತ್ತದೆ. ಫೀ ಕಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಿ: ನಿಜವಾದ ಪೇಶಂಟ್ ಇರುವ ಚೇರ್ ಪಕ್ಕ ಎಷ್ಟು ದಿನ ನಿಲ್ಲಿಸುತ್ತೀರಿ? ಉತ್ತರ ನೇರವಾಗಿ ಬರದಿದ್ದರೆ ದುಡ್ಡು ಕಟ್ಟಬೇಡಿ.

ಈಗ ಸಿಂಕ್‌ಗೆ ಬರೋಣ. ಪೇಶಂಟ್ ಎದ್ದು ಹೋದ ಮೇಲೆ ತೆಳು ಗ್ಲೌಸ್ ಬಿಚ್ಚಿ ಎಸೆದು, ದಪ್ಪ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಕಣ್ಣಿಗೆ ಕನ್ನಡಕ, ಮಾಸ್ಕ್, ಏಪ್ರನ್. ಸಾಮಾನಿನ ಮೇಲೆ ರಕ್ತ, ಹಲ್ಲಿಗೆ ತುಂಬುವ ಸಿಮೆಂಟ್ ಒಣಗಲು ಬಿಡಬೇಡಿ. ಒಣಗಿದರೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಆ ಕೊಳೆಯ ಕೆಳಗೆ ಉಗಿ ತಾಗುವುದೂ ಇಲ್ಲ. ಎಂಜೈಮ್ ದ್ರಾವಣದಲ್ಲಿ ನೆನೆಸಿ, ಅಲ್ಟ್ರಾಸಾನಿಕ್ ಮಷೀನ್ ಇದ್ದರೆ ಅದರಲ್ಲಿ ಹಾಕಿ, ಉಳಿದದ್ದನ್ನು ಉದ್ದ ಹಿಡಿಯ ಬ್ರಷ್‌ನಿಂದ ನೀರಿನಲ್ಲಿ ಮುಳುಗಿಸಿಯೇ ಉಜ್ಜಿ, ಇಲ್ಲದಿದ್ದರೆ ಹನಿ ಮುಖಕ್ಕೆ ಸಿಡಿಯುತ್ತದೆ. ಹಲ್ಲು ಕೀಳುವ ಇಕ್ಕಳದ, ಅಂದರೆ ಫಾರ್ಸೆಪ್ಸ್‌ನ, ಬಾಯಿ ತೆರೆದು ಅದರ ಕೀಲಿನ ಒಳಗೆ ನೋಡಿ, ಕೊಳೆ ಅಡಗುವುದು ಅಲ್ಲೇ. ಆಮೇಲೆ ಪೂರ್ತಿ ಒರೆಸಿ, ಪೌಚ್‌ಗೆ, ಅಂದರೆ ಕಾಗದದ ಚೀಲಕ್ಕೆ, ಹಾಕಿ, ತಾರೀಖು ಬರೆದು ಆಟೋಕ್ಲೇವ್‌ಗೆ ಇಡಿ. ಬಿಸಿ ಉಗಿಯ ಒತ್ತಡದಿಂದ ಕೀಟಾಣು ಕೊಲ್ಲುವ ಮಷೀನ್ ಅದು.

ಆಟೋಕ್ಲೇವ್‌ನಲ್ಲಿ 121 ಡಿಗ್ರಿಗೆ ಕನಿಷ್ಠ 15 ನಿಮಿಷ, 134 ಡಿಗ್ರಿಗೆ 3ರಿಂದ 4 ನಿಮಿಷ. ಈ ನಿಮಿಷಗಳನ್ನು ಸ್ವಿಚ್ ಹಾಕಿದ ಹೊತ್ತಿನಿಂದ ಲೆಕ್ಕ ಹಾಕಬೇಡಿ, ಅಷ್ಟು ಬಿಸಿ ಮುಟ್ಟಿದ ಮೇಲೆ ಲೆಕ್ಕ ಹಾಕಿ. ಕೆಲವು ಮಷೀನ್‌ಗಳಿಗೆ ಇದಕ್ಕಿಂತ ಜಾಸ್ತಿ ಹೊತ್ತು ಬೇಕು, ಅದರ ಪುಸ್ತಕದಲ್ಲಿ ಬರೆದಿರುತ್ತದೆ, ಓದಿ. ಪೌಚ್‌ಗಳನ್ನು ಒಂದರ ಮೇಲೊಂದು ತುರುಕಬೇಡಿ, ಉಗಿ ಓಡಾಡಲು ಜಾಗ ಬೇಕು. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಪೌಚ್ ಮೇಲಿನ ಗುರುತಿನ ಬಣ್ಣ ಬದಲಾದರೆ ಕೆಲಸ ಆಯಿತು ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ಬಿಸಿ ತಾಗಿದೆ ಅಂತ ಮಾತ್ರ ಅದು ಹೇಳುತ್ತದೆ. ಸೂಕ್ಷ್ಮಜೀವಿ ನಿಜವಾಗಿ ಸತ್ತಿದೆಯಾ ಅಂತ ತಿಳಿಯಲು ಸ್ಪೋರ್ (ಬಿಸಿಗೂ ಸುಲಭವಾಗಿ ಸಾಯದ, ಗಟ್ಟಿ ಕವಚದ ಕೀಟಾಣು) ಟೆಸ್ಟ್ ಬೇಕು, ವಾರಕ್ಕೊಮ್ಮೆ ಮಾಡಿದರೆ ಒಳ್ಳೆಯದು. ಇನ್ನೊಂದು ಮಾತು ಮುಂಬೈ ಮಳೆಗಾಲಕ್ಕೆ: ಮಷೀನ್‌ನಿಂದ ತೆಗೆದ ಪೌಚ್ ಒದ್ದೆ ಇದ್ದರೆ ಅದನ್ನು ಶುದ್ಧ ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಒದ್ದೆ ಕಾಗದದ ಮೂಲಕ ಕೀಟಾಣು ಒಳಗೆ ಹೋಗುತ್ತದೆ. ಜುಲೈನಲ್ಲಿ ನಾನು ಪೂರ್ತಿ ಡ್ರೈ ಆಗುವವರೆಗೆ ಮಷೀನ್ ಬಾಗಿಲು ತೆರೆಯುವುದೇ ಇಲ್ಲ, ಹೊರಗೆ ಎಷ್ಟೇ ಪೇಶಂಟ್ ಕಾಯುತ್ತಿರಲಿ.

ನಾನು ಮೊದಲು ಸೇರಿದ್ದ ಕ್ಲಿನಿಕ್‌ನಲ್ಲಿ ಆಟೋಕ್ಲೇವ್ ಕೆಟ್ಟು ಮೂರು ವಾರ ಆಗಿತ್ತು. ಸ್ಟೀಲ್ ಪಾತ್ರೆಯಲ್ಲಿ ನೀರು ಕುದಿಸಿ ಅದರಲ್ಲೇ ಸಾಮಾನು ಹಾಕಿಸುತ್ತಿದ್ದರು. ಕುದಿಸಿದರೆ ಎಲ್ಲ ಕೀಟಾಣು ಸಾಯುವುದಿಲ್ಲ, ಸ್ಪೋರ್ ಉಳಿಯುತ್ತದೆ. ನನಗೆ ಆಗ ಅಷ್ಟು ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಕೇಳಿದೆ, ಬೈಸಿಕೊಂಡೆ, ತಿಂಗಳ ಕೊನೆಗೆ ಬಿಟ್ಟೆ. ಆ ಪಾತ್ರೆಯಿಂದ ತೆಗೆದ ಸಾಮಾನನ್ನು ನನ್ನ ಕೈಯಾರೆ ಟ್ರೇಗೆ ಜೋಡಿಸಿದ್ದು ಈಗಲೂ ನೆನಪಾಗುತ್ತದೆ, ನೋವಾಗುತ್ತದೆ. ಹಾಗಾಗಿ ಇಂಟರ್‌ವ್ಯೂಗೆ ಹೋದಾಗ ಸಂಬಳ ಕೇಳುವ ಮೊದಲು "ಆಟೋಕ್ಲೇವ್ ಎಲ್ಲಿದೆ, ನೋಡಬಹುದಾ?" ಅಂತ ಕೇಳಿ.

ಚೇರ್ ಪಕ್ಕದ ಕೆಲಸ ನೋಡಿ ಕಲಿಯುವಂಥದ್ದು. ಪೇಶಂಟ್ ತಲೆಯನ್ನು ಗಡಿಯಾರದ ಮುಖ ಅಂದುಕೊಳ್ಳಿ, ತಲೆಯ ಮೇಲ್ಭಾಗ 12 ಗಂಟೆ. ಬಲಗೈಯಲ್ಲಿ ಕೆಲಸ ಮಾಡುವ ಡಾಕ್ಟರ್ 7ರಿಂದ 12ರ ನಡುವೆ ಕೂರುತ್ತಾರೆ, ನೀವು 2ರಿಂದ 4ರ ನಡುವೆ. ನಿಮ್ಮ ಸ್ಟೂಲ್ ಡಾಕ್ಟರ್ ಸ್ಟೂಲ್‌ಗಿಂತ 10ರಿಂದ 15 ಸೆಂಟಿಮೀಟರ್ ಎತ್ತರ ಇರಲಿ, ಇಲ್ಲದಿದ್ದರೆ ಬಗ್ಗಿ ಬಗ್ಗಿ ವರ್ಷದೊಳಗೆ ಸೊಂಟ ಹಿಡಿಯುತ್ತದೆ. ಸಾಮಾನು ಕೊಡುವಾಗ ಪೇಶಂಟ್ ಗದ್ದದ ಹತ್ತಿರದಿಂದ ಕೊಡಿ, ಕಣ್ಣಿನ ಮೇಲಿಂದ ಯಾವತ್ತೂ ಬೇಡ. ಬಾಯಿಯ ನೀರು, ಎಂಜಲು ಹೀರುವ ಸಕ್ಷನ್ ಪೈಪ್‌ನ ತುದಿಯನ್ನು ಕೆಲಸ ನಡೆಯುವ ಹಲ್ಲಿನ ಪಕ್ಕ ಹಿಡಿಯಿರಿ. ನಾಲಿಗೆಯ ಬುಡಕ್ಕೋ ಹಿಂದಿನ ಮೆತ್ತನೆಯ ಅಂಗುಳಕ್ಕೋ ತಾಗಿದರೆ ಪೇಶಂಟ್‌ಗೆ ಓಕರಿಕೆ ಬರುತ್ತದೆ, ಆಗ ಡಾಕ್ಟರ್ ಕೈಯಲ್ಲಿ ಡ್ರಿಲ್ ತಿರುಗುತ್ತಿರುತ್ತದೆ.

ಹಲ್ಲಿನ ನಂಬರ್ ಮೊದಲ ವಾರವೇ ಬಾಯಿಪಾಠ ಮಾಡಿ. ಪೇಶಂಟ್‌ನ ಮೇಲಿನ ಬಲಭಾಗ 11ರಿಂದ 18, ಮೇಲಿನ ಎಡ 21ರಿಂದ 28, ಕೆಳಗಿನ ಎಡ 31ರಿಂದ 38, ಕೆಳಗಿನ ಬಲ 41ರಿಂದ 48. 36 ಅಂದರೆ "ಮೂರು ಆರು", ಕೆಳಗಿನ ಎಡ ದವಡೆಯ ಮೊದಲ ದೊಡ್ಡ ಹಲ್ಲು. ಬೇರಿನ ಚಿಕಿತ್ಸೆಯಲ್ಲಿ (ರೂಟ್ ಕೆನಾಲ್) ಬೇರಿನ ಒಳಗೆ ಉಜ್ಜುವ ಸೂಜಿಯಂಥ ಫೈಲ್‌ಗಳ ದಪ್ಪವನ್ನು ಬಣ್ಣದಿಂದ ಗುರುತಿಸುತ್ತಾರೆ: 15 ಬಿಳಿ, 20 ಹಳದಿ, 25 ಕೆಂಪು, 30 ನೀಲಿ, 35 ಹಸಿರು, 40 ಕಪ್ಪು. ಮತ್ತೆ 45ರಿಂದ ಬಿಳಿಯೇ ಶುರು, ಹಾಗಾಗಿ ಬಣ್ಣದ ಜೊತೆ ನಂಬರನ್ನೂ ಓದಿ. ಹಲ್ಲಿನ ತೂತಿಗೆ ತುಂಬುವ ಗ್ಲಾಸ್ ಅಯೊನೊಮರ್ ಸಿಮೆಂಟ್ ಕಲಸಿದರೆ ಅದರ ಮೇಲೆ ಹೊಳಪು ಇರುವಾಗಲೇ ಡಾಕ್ಟರ್ ಕೈಗೆ ಹೋಗಬೇಕು, ಹೊಳಪು ಹೋಯಿತು ಅಂದರೆ ಎಸೆದು ಹೊಸದು ಕಲಸಿ. ಅಚ್ಚು ತೆಗೆಯುವ ಆಲ್ಜಿನೇಟ್‌ಗೆ ಮೇ ತಿಂಗಳಲ್ಲಿ ತಣ್ಣೀರು ಹಾಕಿ, ನಮ್ಮ ಟ್ಯಾಂಕ್ ನೀರಿನ ಬಿಸಿಗೆ ಅದು ಬಟ್ಟಲಲ್ಲೇ ಗಟ್ಟಿಯಾಗುತ್ತದೆ.

ಒಂದು ತಪ್ಪು ಮಾತ್ರ ಆಗಲೇಬಾರದು. ಬೇರಿನ ಚಿಕಿತ್ಸೆಯಲ್ಲಿ ತೊಳೆಯಲು ಸೋಡಿಯಂ ಹೈಪೋಕ್ಲೋರೈಟ್ ಬಳಸುತ್ತಾರೆ. ನೋಡಲು ನೀರಿನ ಹಾಗೆ, ಸಲೈನ್ ಹಾಗೆ, ಅರಿವಳಿಕೆ ಮದ್ದಿನ ಹಾಗೆ. ಅದನ್ನು ತಪ್ಪಿ ವಸಡಿಗೆ ಚುಚ್ಚಿದರೆ ಮುಖ ಊದಿ ಮಾಂಸ ಸುಟ್ಟುಹೋಗುತ್ತದೆ. ಸಿರಿಂಜ್‌ಗೆ ತುಂಬಿದ ಕೂಡಲೇ ಹೆಸರು ಬರೆದು ಅಂಟಿಸಿ. ಹೆಸರಿಲ್ಲದ ಸಿರಿಂಜ್ ಟ್ರೇ ಮೇಲೆ ಕಂಡರೆ, ಅದರಲ್ಲಿ ಏನಿದೆ ಅಂತ ನಿಮಗೆ ಗೊತ್ತಿದ್ದರೂ, ಚೆಲ್ಲಿಬಿಡಿ.

ಭಾಷೆ ಈ ಊರಿನಲ್ಲಿ ಅರ್ಧ ಕೆಲಸ. ಪೇಶಂಟ್‌ಗಳು ನಿಮ್ಮನ್ನು ಸಿಸ್ಟರ್ ಅನ್ನುತ್ತಾರೆ, ಮರಾಠಿಯವರು ತಾಈ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ನನಗೆ ನಮ್ಮ ತಾಯಿಯೇ ಕೇಳಿಸಿತ್ತು, ಅವರ ಮಾತಿನಲ್ಲಿ ಅದು ಅಕ್ಕ. "ತೋಂಡ ಉಘಡಾ" ಅಂದರೆ ಬಾಯಿ ತೆರೆಯಿರಿ, "ಚೂಳ ಭರಾ" ಅಂದರೆ ಬಾಯಿ ಮುಕ್ಕಳಿಸಿ, "ಥುಂಕೂ ನಕಾ" ಅಂದರೆ ಉಗುಳಬೇಡಿ. ಹಲ್ಲು ಕಿತ್ತ ಮೇಲೆ ಈ ಮೂರನೆಯದನ್ನು ಹತ್ತು ಸಲ ಹೇಳಬೇಕಾಗುತ್ತದೆ, ಯಾಕೆಂದರೆ ಉಗುಳಿದರೆ ಗಾಯದ ಮೇಲೆ ಕಟ್ಟಿದ ರಕ್ತ ಕಿತ್ತು ಬರುತ್ತದೆ. ಹತ್ತಿ ಕಚ್ಚಿಕೊಂಡು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಇರಲಿ, ಆ ದಿನ ಬಿಸಿ ಚಹಾ ಬೇಡ, ಸ್ಟ್ರಾ ಬೇಡ, ತಂಬಾಕು ಬೇಡವೇ ಬೇಡ.

ಪೇಶಂಟ್‌ಗಳು ಡಾಕ್ಟರ್‌ಗೆ ಹೇಳದ್ದನ್ನು ನಿಮಗೆ ಹೇಳುತ್ತಾರೆ. ಒಮ್ಮೆ ಹೋಟೆಲಿನಲ್ಲಿ ದುಡಿಯುವ ಉಡುಪಿ ಕಡೆಯ ಹಿರಿಯರೊಬ್ಬರು ದವಡೆ ಹಲ್ಲು ಕೀಳಿಸಲು ಬಂದಿದ್ದರು. ಬಿಪಿ, ಶುಗರ್, ಹಾರ್ಟ್, ಏನಾದರೂ ಇದೆಯಾ ಅಂತ ಡಾಕ್ಟರ್ ಹಿಂದಿಯಲ್ಲಿ ಕೇಳಿದರು, "ಕುಛ್ ನಹೀ" ಅಂದರು. ನಾನು ಬಿಬ್ ಕಟ್ಟುತ್ತಾ ಕನ್ನಡದಲ್ಲಿ "ಮಾತ್ರೆ ಏನಾದರೂ ತಗೊಳ್ತೀರಾ ಅಂಕಲ್?" ಅಂದೆ. ಅಂಗಿಯ ಜೇಬಿನಿಂದ ಪಟ್ಟಿ ತೆಗೆದು ಕೊಟ್ಟರು. ರಕ್ತ ತೆಳು ಮಾಡುವ ಮಾತ್ರೆ, ಹೃದಯಕ್ಕೆ ಸ್ಟೆಂಟ್ ಹಾಕಿ ಐದು ತಿಂಗಳು. ಡಾಕ್ಟರ್ ಸಿರಿಂಜ್ ಕೆಳಗಿಟ್ಟು ಅವರ ಹೃದಯದ ಡಾಕ್ಟರ್‌ಗೆ ಫೋನ್ ಮಾಡಿದರು. ಅರಿವಳಿಕೆ ಮದ್ದಿನಲ್ಲಿ ಸಾಮಾನ್ಯವಾಗಿ ಹೃದಯ ಬಡಿತ ಹೆಚ್ಚಿಸುವ ಅಡ್ರಿನಲಿನ್ ಇರುತ್ತದೆ, ಇಲ್ಲಿ ಹೆಚ್ಚಾಗಿ ಸಿಗುವುದು 1:80,000 ಪ್ರಮಾಣದ್ದು. ಅದಕ್ಕೇ ಈ ವಿಚಾರಣೆ ಮುಖ್ಯ. ಪ್ರಶ್ನೆಯನ್ನು ಕಾಯಿಲೆಯ ಹೆಸರಿನಿಂದ ಕೇಳಬೇಡಿ, ಮಾತ್ರೆಯಿಂದ ಕೇಳಿ.

ನಿಮ್ಮ ಜೀವವನ್ನೂ ನೋಡಿಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಮೊದಲನೆಯದು ತಗೊಂಡು ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ, ಲಸಿಕೆ ಹಿಡಿದಿದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಿ. ಬಳಸಿದ ಸೂಜಿಗೆ ಎರಡು ಕೈಯಿಂದ ಮುಚ್ಚಳ ಹಾಕಬೇಡಿ. ಚುಚ್ಚಿತು ಅಂದರೆ ಹಿಂಡಬೇಡಿ, ಸೋಪು ನೀರಿನಲ್ಲಿ ತೊಳೆದು ಡಾಕ್ಟರ್‌ಗೆ ಹೇಳಿ, ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಮದ್ದು ಬೇಕಾದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು. ನಾಚಿಕೆಯಿಂದ ಮುಚ್ಚಿಡುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಕಸಕ್ಕೂ 2016ರ ನಿಯಮ ಇದೆ. ರಕ್ತದ ಹತ್ತಿ ಹಳದಿ ಚೀಲಕ್ಕೆ, ಗ್ಲೌಸ್ ಮತ್ತು ಪ್ಲಾಸ್ಟಿಕ್ ಕೆಂಪಿಗೆ, ಸೂಜಿ ಬ್ಲೇಡ್ ಬಿಳಿ ಗಟ್ಟಿ ಡಬ್ಬಿಗೆ, ಗಾಜು ನೀಲಿಗೆ.

ಇನ್ನು, ಡಾಕ್ಟರ್ ಎಷ್ಟೇ ಬ್ಯುಸಿ ಇರಲಿ, ನೀವು ಇಂಜೆಕ್ಷನ್ ಕೊಡಬಾರದು, ಡ್ರಿಲ್ ಹಿಡಿಯಬಾರದು, ಹಲ್ಲು ಕ್ಲೀನ್ ಮಾಡಬಾರದು. "ನಿನಗೆ ಬರುತ್ತದಲ್ಲ, ಮಾಡು" ಅಂತ ಹೊಗಳಿಯೇ ಮಾಡಿಸುವವರಿದ್ದಾರೆ. ಬೇಡ ಅನ್ನಿ. 1948ರ ಡೆಂಟಿಸ್ಟ್ ಕಾಯ್ದೆಯಿಂದಲೂ ಹಲ್ಲಿನ ಚಿಕಿತ್ಸೆ ನೋಂದಾಯಿತ ಡಾಕ್ಟರ್ ಕೆಲಸ.

ಸಂಬಳ ಶುರುವಿನಲ್ಲಿ ಕಡಿಮೆ, ಅದನ್ನು ಮುಚ್ಚಿಟ್ಟು ಹೇಳುವುದಿಲ್ಲ. ಸಣ್ಣ ಕ್ಲಿನಿಕ್‌ಗಳಲ್ಲಿ ಪಿಎಫ್ ಇರುವುದು ಕಡಿಮೆ. ಬೆಳಿಗ್ಗೆ ಹತ್ತರಿಂದ ಒಂದೂವರೆ, ಮತ್ತೆ ಸಂಜೆ ಐದರಿಂದ ಒಂಬತ್ತು ಅಂತ ಎರಡು ಪಾಳಿ ಇದ್ದರೆ ನಡುವಿನ ಹೊತ್ತು ಎಲ್ಲಿ ಕಳೆಯುತ್ತೀರಿ ಅಂತ ಯೋಚಿಸಿ. ದೂರದವರಿಗೆ ಅದು ದಿನಕ್ಕೆ ನಾಲ್ಕು ಸಲ ಲೋಕಲ್ ಹತ್ತಿದ ಹಾಗೆ. ಎರಡು ಮೂರು ವರ್ಷ ಆದ ಮೇಲೆ ದಾರಿ ಬೇರೆ ಬೇರೆ. ಅಪಾಯಿಂಟ್‌ಮೆಂಟ್, ಬಿಲ್, ಸ್ಟಾಕ್ ಲೆಕ್ಕ ಕಲಿತವರು ಕ್ಲಿನಿಕ್ ಮ್ಯಾನೇಜರ್ ಆಗುತ್ತಾರೆ. ಇಂಪ್ಲಾಂಟ್ ಅಥವಾ ಮಕ್ಕಳ ಹಲ್ಲಿನ ಕ್ಲಿನಿಕ್‌ಗಳಲ್ಲಿ ಅನುಭವ ಇದ್ದವರಿಗೆ ಬೆಲೆ ಜಾಸ್ತಿ. ಹನ್ನೆರಡನೇ ಕ್ಲಾಸ್ ವಿಜ್ಞಾನದಲ್ಲಿ ಮಾಡಿದ್ದರೆ ಎರಡು ವರ್ಷದ ಡೆಂಟಲ್ ಹೈಜಿನಿಸ್ಟ್ ಅಥವಾ ಡೆಂಟಲ್ ಮೆಕ್ಯಾನಿಕ್ (ಕಟ್ಟಿಸುವ ಹಲ್ಲು ತಯಾರಿಸುವವರು) ಡಿಪ್ಲೊಮಾ ಓದಿ. ಹೈಜಿನಿಸ್ಟ್ ಆದರೆ ಹಲ್ಲು ಕ್ಲೀನ್ ಮಾಡುವ ಹಕ್ಕು ಕಾನೂನಿನಂತೆ ಸಿಗುತ್ತದೆ. ನಾನು ಆರ್ಟ್ಸ್ ಮಾಡಿದ್ದರಿಂದ ಆ ಬಾಗಿಲು ನನಗೆ ತೆರೆಯಲಿಲ್ಲ. ಕೆಳಗಿನ ಮನೆಯವಳು ವಿಜ್ಞಾನದವಳು, ಅದನ್ನೇ ಅವಳಿಗೆ ಒತ್ತಿ ಹೇಳಿದ್ದೇನೆ.

ಸೋಮವಾರ ಅವಳು ನನ್ನ ಜೊತೆ ಮುಲುಂಡ್‌ಗೆ ಬರುತ್ತಾಳೆ. ಉಗುರು ಕತ್ತರಿಸಿಕೊಂಡು ಬಾ, ಬಳೆ ಉಂಗುರ ಬೇಡ, ಬೆರಳು ಮುಚ್ಚುವ ಚಪ್ಪಲಿ ಹಾಕು, ಕೂದಲು ಎತ್ತಿ ಕಟ್ಟು, ಒಂದು ಸಣ್ಣ ಡೈರಿ ತಾ ಅಂದಿದ್ದೇನೆ. ಡೈರಿಯ ಮೊದಲ ಪುಟದಲ್ಲಿ 11ರಿಂದ 48ರವರೆಗಿನ ನಂಬರ್ ಈಗಾಗಲೇ ಬರೆದಿಟ್ಟಿದ್ದಾಳಂತೆ.