ಸ್ಟರ್ನ್‌ಡ್ರೈವ್ ತೆಗೆದು ಔಟ್‌ಬೋರ್ಡ್ ಹಾಕುವಾಗ ಟ್ರಾನ್ಸಮ್ ಕಟ್ಟುವ ಕ್ರಮ

ಸ್ಟರ್ನ್‌ಡ್ರೈವ್ ದೋಣಿಯಲ್ಲಿ ಎಂಜಿನ್ ಒಳಗಿರುತ್ತದೆ, ಪ್ರೊಪೆಲ್ಲರಿನ ಡ್ರೈವ್ ಮಾತ್ರ ಹಿಂಗೋಡೆಯ ಹೊರಗೆ; ಎಂಜಿನ್ನಿನ ಭಾರವನ್ನು ಬಹುಪಾಲು ತಳದ ಉದ್ದ ತೊಲೆಗಳಾದ ಸ್ಟ್ರಿಂಗರ್‌ಗಳೇ ಹೊರುತ್ತವೆ. ಹೊರಗೆ ತೂಗುವ ಔಟ್‌ಬೋರ್ಡ್ ಮೋಟಾರ್ ಬಂದಾಗ ಪೂರ್ತಿ ಭಾರ ಟ್ರಾನ್ಸಮ್ಮಿಗೆ, ಅಂದರೆ ದೋಣಿಯ ಹಿಂಗೋಡೆಗೆ, ಬೀಳುತ್ತದೆ. ಜೊತೆಗೆ ಕೆಳಗಿರುವ ಪ್ರೊಪೆಲ್ಲರ್ ದೂಡಿದಷ್ಟೂ ಅದು ಟ್ರಾನ್ಸಮ್ಮನ್ನು ಮೀಟುತ್ತದೆ. ಹಾಗಾಗಿ ಹಳೆಯ ಡ್ರೈವ್‌ನ ಕಂಡಿಗೆ ತೇಪೆ ಹಾಕಿದರಷ್ಟೇ ಸಾಲದು. ಹೊಸ ಕೋರ್ (ಒಳ, ಹೊರ ಫೈಬರ್ ಪದರಗಳ ನಡುವಿನ ಪ್ಲೈವುಡ್) ಕೂರಿಸಿ, ಅದನ್ನು ಸ್ಟ್ರಿಂಗರ್‌ಗಳಿಗೂ ಪಕ್ಕಗಳಿಗೂ ಬಿಗಿಯಬೇಕು.

ಮೊದಲು ಒಳಗಿನಿಂದ 5 ಮಿ.ಮೀ. ಬಿಟ್‌ನಲ್ಲಿ ಕೆಳಭಾಗ, ಕಂಡಿಯ ಅಂಚು, ನೀರು ಬಸಿಯುವ ತೂತಿನ ಸುತ್ತ ಕೊರೆದು ನೋಡಿ. ಹೊಟ್ಟು ಕಪ್ಪಾಗಿ ಒದ್ದೆಯಾಗಿ ಬಂದರೆ ಪ್ಲೈವುಡ್ ಕೊಳೆತಿದೆ. ಕೊಳೆತಷ್ಟನ್ನೇ ಕಿತ್ತು ಉಳಿದದ್ದನ್ನು ಬಿಡುವ ಆಸೆ ಬೇಡ. ತೇವ ಕಣ್ಣಿಗೆ ಕಾಣುವುದಕ್ಕಿಂತ ದೂರ ಹರಡಿರುತ್ತದೆ.

ಕತ್ತರಿಸುವ ಮುನ್ನ ತಳಕ್ಕೆ ಸರಿಯಾದ ಆಸರೆ ಕೊಟ್ಟು, ಹೊರಪದರಕ್ಕೆ ಅಡ್ಡಲಾಗಿ ಎರಡು ನೇರ ಮರದ ಪಟ್ಟಿ ಬಿಗಿಯಿರಿ. ಇಲ್ಲದಿದ್ದರೆ ಕೋರ್ ತೆಗೆದ ಮೇಲೆ ಪದರ ಬಾಗುತ್ತದೆ, ಆ ಬಾಗು ಹಾಗೇ ಉಳಿಯುತ್ತದೆ. ಅಂಚಿನಲ್ಲಿ 75 ಮಿ.ಮೀ. ಬಿಟ್ಟು ಒಳಪದರ ಕತ್ತರಿಸಿ, ಪ್ಲೈವುಡ್ ಪೂರ್ತಿ ತೆಗೆದು, ಫೈಬರ್ ಹೊಳಪು ಕಳೆದುಕೊಳ್ಳುವವರೆಗೆ 40 ಗ್ರಿಟ್‌ನಲ್ಲಿ ಉಜ್ಜಿ. ಗಾಜಿನ ದೂಳು ಶ್ವಾಸಕೋಶಕ್ಕೆ ಹೋಗದಂತೆ ಒಳ್ಳೆಯ ಮಾಸ್ಕ್ ಅವಶ್ಯ.

ಕಂಡಿಯ ಅಂಚನ್ನು ಒಳಗಿನಿಂದ 12:1 ಇಳಿಜಾರಾಗಿ ಸವೆಸಿ. 6 ಮಿ.ಮೀ. ದಪ್ಪದ ಪದರಕ್ಕೆ 72 ಮಿ.ಮೀ. ಇಳಿಜಾರು ಬೇಕು, ಕಡಿಮೆಯಾದರೆ ಹಳೆಯದಕ್ಕೂ ಹೊಸದಕ್ಕೂ ಹಿಡಿತ ಸಾಲದೆ ಬಿರುಕು ಬಿಡುತ್ತದೆ. ಮೇಣ ಹಚ್ಚಿದ ನುಣುಪು ಹಲಗೆಯನ್ನು ಹೊರಗಿನಿಂದ ಒತ್ತಿಟ್ಟು, ಒಳಗಿನಿಂದ 1708 ಎಂಬ ಬಯಾಕ್ಸಿಯಲ್ (ಎರಡು ದಿಕ್ಕಿನ ನೂಲಿನ) ಗಾಜಿನ ಬಟ್ಟೆಯನ್ನು ಎಪಾಕ್ಸಿಯಲ್ಲಿ ಕೂರಿಸುತ್ತ ಹಳೆಯ ದಪ್ಪಕ್ಕೆ ತನ್ನಿ. ಹಳೆಯ ಪಾಲಿಯೆಸ್ಟರ್ ಮೇಲೆ ಎಪಾಕ್ಸಿಯ ಹಿಡಿತವೇ ಹೆಚ್ಚು. ತುಂಡು ನೂಲುಗಳನ್ನು ಅಂಟಿಸಿ ಮಾಡಿದ ಸಾಮಾನ್ಯ ಚಾಪ್ಡ್ ಮ್ಯಾಟ್ ಮಾತ್ರ ಬಳಸಬೇಡಿ: ಅದರ ಅಂಟು ಕರಗುವುದು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ನಲ್ಲಿ, ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. 1708ರಲ್ಲಿ ಮ್ಯಾಟನ್ನು ಅಂಟಿಸದೆ ಹೊಲಿದಿರುವುದರಿಂದ ಆ ತೊಂದರೆಯಿಲ್ಲ.

ಕೋರ್‌ಗೆ 18 ಮಿ.ಮೀ. ಮೆರೈನ್ ಪ್ಲೈವುಡ್ ಎರಡು ಹಾಳೆ. ಒಳ, ಹೊರ ಫೈಬರ್ ಪದರಗಳೂ ಸೇರಿ ಟ್ರಾನ್ಸಮ್ಮಿನ ಒಟ್ಟು ದಪ್ಪ ಸುಮಾರು 48 ಮಿ.ಮೀ. ಆಗುತ್ತದೆ, ಮೋಟಾರಿನ ಕೈಪಿಡಿ ಹೇಳುವ ಮಿತಿಗೆ ಹೊಂದಿಸಿ ನೋಡಿ. ಅಂಚುಗಳಿಗೆ ತೆಳು ಎಪಾಕ್ಸಿ ಎರಡು ಸಲ ಕುಡಿಸಿ, ನಂತರ ಸಿಲಿಕಾ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯನ್ನು ಹಲ್ಲಿನ ಕರಣೆಯಿಂದ ಎರಡೂ ಮುಖಗಳಿಗೆ ಬಳಿಯಿರಿ. ಕ್ಲ್ಯಾಂಪ್ ಬಿಗಿಯುವುದು ಅಂಚಿನಿಂದ ಎಪಾಕ್ಸಿ ಹೊರಗಿಣುಕುವವರೆಗೆ ಮಾತ್ರ. ಇನ್ನೂ ಬಿಗಿದರೆ ಅಂಟೆಲ್ಲ ಹೊರಬಂದು ನಡುವೆ ಒಣ ಜಾಗ ಉಳಿಯುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ. ಆಳದ ಡಬ್ಬದಲ್ಲಿ ಹೆಚ್ಚು ಕಲಸಿದರೆ ಅದು ಕಾದು ಹೊಗೆಯಾಡುತ್ತದೆ. ಗಟ್ಟಿಯಾದ ಮೇಲೆ ಮೇಲಿನ ಮೇಣದಂಥ ಪೊರೆಯನ್ನು ನೀರಿನಿಂದ ಉಜ್ಜಿ ತೊಳೆದ ನಂತರವೇ ಮರಳುಕಾಗದ.

ಮೂಲೆಗಳಿಗೆ ಗಟ್ಟಿ ಎಪಾಕ್ಸಿಯಿಂದ 25 ಮಿ.ಮೀ. ತ್ರಿಜ್ಯದ ಫಿಲೆಟ್ (ದುಂಡು ತುಂಬು) ಕೊಟ್ಟು, ಮೂರ್ನಾಲ್ಕು ಪದರ ಬಯಾಕ್ಸಿಯಲ್ಲನ್ನು ಪಕ್ಕ ಮತ್ತು ತಳದ ಮೇಲೆ 150 ಮಿ.ಮೀ. ಹರಡಿ, ಒಂದೊಂದು ಪದರದ ಅಂಚನ್ನು 25 ಮಿ.ಮೀ. ಹಿಂದೆ ಸರಿಸುತ್ತ ಕೂರಿಸಿ. ಪ್ರತಿ ಸ್ಟ್ರಿಂಗರ್‌ಗೂ ಟ್ರಾನ್ಸಮ್ಮಿಗೂ ನಡುವೆ ಪ್ಲೈವುಡ್ಡಿನ ತ್ರಿಕೋನ ಆನಿಕೆ ನಿಲ್ಲಿಸಿ ಫೈಬರ್ ಹೊದಿಸಿ. ಇಡೀ ಕೆಲಸದಲ್ಲಿ ಬಿಡಲೇಬಾರದ ಹಂತ ಇದು.

ಟ್ರಾನ್ಸಮ್ಮಿನ ಎತ್ತರವನ್ನು ನಡುರೇಖೆಯಲ್ಲಿ ಕೆಳಗಿನಿಂದ ಅಳೆಯಿರಿ: ಮೋಟಾರಿನ 20 ಇಂಚಿನ ಶಾಫ್ಟ್‌ಗೆ ಸುಮಾರು 20, 25ರದಕ್ಕೆ 25 ಇಂಚು. ಮೇಲಂಚನ್ನು ತಗ್ಗಿಸಿದಲ್ಲಿ ಅಲೆ ಒಳಬರುತ್ತದೆ. ಅದರ ಮುಂದೆ ನೀರು ಹೊರಹರಿಯುವ ತೊಟ್ಟಿ ಕಟ್ಟಬೇಕು.

ದೊಡ್ಡ ಮೋಟಾರುಗಳ ರೂಢಿಯ ಬೋಲ್ಟ್ ಅಂತರ ಮೇಲೆ 327, ಕೆಳಗೆ 251, ಲಂಬವಾಗಿ 203 ಮಿ.ಮೀ. ತೂತನ್ನು ಮೊದಲು 19 ಮಿ.ಮೀ. ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಅರ್ಧ ಇಂಚಿನ ಬೋಲ್ಟಿಗೆ 13 ಮಿ.ಮೀ. ಕೊರೆಯಿರಿ. ನೀರು ಸೀಲಂಟ್ ದಾಟಿ ಬಂದರೂ ಮರಕ್ಕೆ ತಾಗದು. ಒಳಗೆ ದಪ್ಪ ಲೋಹದ ಪ್ಲೇಟ್ ಇರಲಿ.

ಭಾರ ಹಿಂದಕ್ಕೆ ಸರಿದಿರುವುದರಿಂದ ಬ್ಯಾಟರಿ, ಇಂಧನ ಮುಂದಕ್ಕೆ ಹೋಗಬೇಕಾಗಬಹುದು; ನೀರಿಗಿಳಿಸಿ ಹಿಂಬದಿ ಎಷ್ಟು ಮುಳುಗಿದೆ ನೋಡಿ. ದೋಣಿಯ ಫಲಕದಲ್ಲಿ ಬರೆದ ಅಶ್ವಶಕ್ತಿ ಮೀರಬೇಡಿ. ಮೊದಲ ಕೆಲವು ಗಂಟೆ ಓಡಿಸಿದ ಮೇಲೆ ಬೋಲ್ಟ್ ಪರೀಕ್ಷಿಸಿ. ವಾಷರ್ ಫೈಬರ್‌ನೊಳಕ್ಕೆ ಇಳಿದಿದ್ದರೆ ಬಿಗಿಯುತ್ತ ಹೋಗದೆ ಮೋಟಾರ್ ಇಳಿಸಿ, ಆ ಜಾಗದಲ್ಲಿ ಅಂಟು ಹಿಡಿದಿದೆಯೇ ಎಂದು ತಟ್ಟಿ ನೋಡಿ.