ಮಿಲಿಟ್ರಿಗೆ ಹೋಗಿದ್ದ, ಮೀನು ಹಿಡಿಯುತ್ತಿದ್ದ ಅಪ್ಪನ ಬಗ್ಗೆ ಬರೆಯೋದು ಹೇಗೆ

ಮನೆಯಲ್ಲಿ ಹಿರಿಯರು ತೀರಿಕೊಂಡು ಮೂರು ದಿನ ಆಗಿರೋದಿಲ್ಲ, ಯಾರಾದರೂ ಬಂದು "ಹನ್ನೊಂದಕ್ಕೆ ನಾಲ್ಕು ಮಾತು ಬರ್ಕೊಂಡು ಬಾ" ಅನ್ನುತ್ತಾರೆ. ಬರೆಯಲು ಕೂತರೆ ಬರೋದು ಫ್ಲೆಕ್ಸಿನ ಮಾತೇ. ಶಿಸ್ತಿನ ಸಿಪಾಯಿ, ಸ್ನೇಹಜೀವಿ, ಸರಳ ವ್ಯಕ್ತಿ. ಹೆಸರು ಬದಲಾಯಿಸಿದರೆ ಯಾರಿಗೆ ಬೇಕಾದರೂ ಹೊಂದುತ್ತದೆ, ಅಲ್ವಾ? ನಾನೂ ಮೊದಲು ಹಾಗೇ ಬರೆದಿದ್ದೆ. ಅಮ್ಮ ಪೂರ್ತಿ ಕೇಳಿಸಿಕೊಂಡು "ಇದ್ರಲ್ಲಿ ನಿಮ್ಮಪ್ಪ ಎಲ್ಲಿದ್ದಾರೆ?" ಅಂದರು. ಆ ಹಾಳೆ ಎತ್ತಿಟ್ಟು ಮತ್ತೆ ಶುರು ಮಾಡಿದೆ. ಆಗ ಕಲಿತದ್ದು ಇದು.

ಮೊದಲು ಬರೆಯಬೇಡಿ, ಕೇಳಿ. ಸಾವಿನ ಮನೆಗೆ ಬಂದವರು ಅಂಗಳದಲ್ಲಿ ಕೂತು ತಾವಾಗಿಯೇ ಮಾತಾಡುತ್ತಿರುತ್ತಾರೆ. ಆ ಮಾತು ಮತ್ತೆ ಸಿಗೋದಿಲ್ಲ. ಅವರ ಒಪ್ಪಿಗೆ ಕೇಳಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. "ಅಪ್ಪ ಹೇಗಿದ್ದರು?" ಅಂತ ಮಾತ್ರ ಕೇಳಬೇಡಿ, "ಒಳ್ಳೆಯವರಿದ್ರು" ಅಂತ ಅಲ್ಲಿಗೇ ನಿಲ್ಲುತ್ತದೆ. "ಕೊನೇ ಸಲ ಅವರ ಜೊತೆ ಹೊಳೆಗೆ ಹೋಗಿದ್ದು ಯಾವ ಮಳೆಗೆ? ಏನು ಸಿಕ್ಕಿತ್ತು? ಯಾರ ಮನೆಗೆ ಪಾಲು ಹೋಯ್ತು?" ಅಂತ ಕೇಳಿ ನೋಡಿ. ಮೃಗಶಿರವೋ ಆರಿದ್ರಾವೋ ಅನ್ನೋ ಜಗಳದಿಂದ ಶುರುವಾಗಿ, ಗದ್ದೆ ಅಂಚಿನ ಕಂಡಿಗೆ ಕೂಣಿ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಒಡ್ಡಿದ ರಾತ್ರಿ, ನಂದಿಹೋದ ಟಾರ್ಚು, ಕಾಲಿಗೆ ಹತ್ತಿದ ಇಂಬಳ (ಜಿಗಣೆ), ಎಲ್ಲವೂ ಒಂದರ ಹಿಂದೊಂದು ಬರುತ್ತವೆ.

ನಮ್ಮ ಕಡೆ ಮೀನಿನ ಮನುಷ್ಯನ ಬಗ್ಗೆ ಬರೆಯುವಾಗ ಹತ್ತುಮೀನು ಬಿಟ್ಟರೆ ಬರಹ ಅರ್ಧವೇ. ಮುಂಗಾರಿನ ಮೊದಲ ಜೋರು ಮಳೆಗೆ ಹಳ್ಳ ಕೆಂಪಗೆ ತುಂಬಿ, ಮೀನು ಮೊಟ್ಟೆಯಿಡಲು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುವ ಎರಡು ಮೂರು ರಾತ್ರಿ. ಶಹರದಲ್ಲಿ ಬೆಳೆದ ಮೊಮ್ಮಕ್ಕಳಿಗೆ ಇದು ಗೊತ್ತಿರೋದಿಲ್ಲ, ಅದಕ್ಕೇ ಬಿಡಿಸಿ ಬರೆಯಿರಿ. ನಿಮ್ಮ ಅಪ್ಪ ಗಾಳದವರಾ, ಬೀಸುಬಲೆಯವರಾ, ಕೂಣಿಯವರಾ ಅಂತಲೂ ಬರೆಯಿರಿ, ಮೂರೂ ಬೇರೆ ಬೇರೆ ಸ್ವಭಾವ. ನಮ್ಮಪ್ಪ ಗಾಳದವರು. ಗಾಳದ ಮುಳ್ಳುಗಳನ್ನು ಕೊಬ್ಬರಿ ಎಣ್ಣೆಯ ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದರು. ಒಳಗೆ ಎಣ್ಣೆ ಸವರಿದ ಬಟ್ಟೆ, ಅದರ ಮೇಲೆ ಮುಳ್ಳುಗಳು, ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ, ಎಲ್ಲದರ ಮೊನೆಯೂ ಒಂದೇ ದಿಕ್ಕಿಗೆ. ಅವರು ಹೋದ ಮೇಲೆ ಆ ಡಬ್ಬಿ ತೆಗೆದು ಎಷ್ಟೋ ಹೊತ್ತು ಸುಮ್ನೆ ನೋಡುತ್ತಾ ಕೂತಿದ್ದೆ. "ಶಿಸ್ತಿನ ಸಿಪಾಯಿ" ಅಂತ ಬರೆದದ್ದನ್ನು ಹೊಡೆದುಹಾಕಿ ಡಬ್ಬಿಯ ಬಗ್ಗೆ ಬರೆದೆ. ಹೀಗೆ ಕಣ್ಣಿಗೆ ಕಾಣುವ ವಸ್ತು ಒಂದಾದರೂ ನಿಮ್ಮ ಮನೆಯಲ್ಲೂ ಇರುತ್ತದೆ, ಹುಡುಕಿ.

ಇನ್ನು ಮಿಲಿಟ್ರಿ ಭಾಗ. ಇಲ್ಲಿ ತಪ್ಪು ಜಾಸ್ತಿ ಆಗುತ್ತದೆ, ಯಾಕಂದರೆ ಹೆಚ್ಚಿನವರು ಮನೆಯಲ್ಲಿ ಅದರ ಬಗ್ಗೆ ಮಾತೇ ಆಡಿರೋದಿಲ್ಲ. ನಮ್ಮ ಫ್ಲೆಕ್ಸಿನಲ್ಲಿ "1965ರ ಯುದ್ಧದಲ್ಲಿ ಹೋರಾಡಿದ" ಅಂತ ನಾನೇ ಬರೆಸಿಬಿಟ್ಟೆ. ಅಪ್ಪ ಸೇನೆಗೆ ಸೇರಿದ್ದೇ 1967ರಲ್ಲಿ. ಅವರ ಜೊತೆಗಿದ್ದವರೊಬ್ಬರು ಫೋಟೋ ನೋಡಿ ಫೋನ್ ಮಾಡಿ, ಮೆಲ್ಲಗೆ ತಿದ್ದಿದರು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಅದಕ್ಕೇ ಮೊದಲು ಡಿಸ್ಚಾರ್ಜ್ ಪುಸ್ತಕ ಹುಡುಕಿ. ಸೇರಿದ ದಿನ, ಬಿಟ್ಟ ದಿನ, ರ‍್ಯಾಂಕ್, ಯಾವ ಕೋರ್ ಅಥವಾ ರೆಜಿಮೆಂಟ್, ಎಲ್ಲ ಅದರಲ್ಲಿರುತ್ತದೆ. ಆಮೇಲೆ ಪದಕಗಳು. ಅಂಚು, ಹಿಂಬದಿ ತಿರುಗಿಸಿ ನೋಡಿದರೆ ಸಾಮಾನ್ಯವಾಗಿ ನಂಬರು, ಹೆಸರು ಕೊರೆದಿರುತ್ತದೆ. ಸಮರ್ ಸೇವಾ ಸ್ಟಾರ್ ಇದ್ದರೆ ಅದು 1965ರದ್ದು. ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ 1971ರವು, ಯಾವ ದಿಕ್ಕಿನ ಗಡಿ ಅನ್ನೋದು ಹೆಸರಲ್ಲೇ ಇದೆ. ಸಂಗ್ರಾಮ್ ಮೆಡಲ್ ಕೂಡ 1971ರದ್ದೇ. ಆಪರೇಷನ್ ವಿಜಯ್ ಸ್ಟಾರ್ ಅಂದರೆ 1999ರ ಕಾರ್ಗಿಲ್. ಪದಕಗಳನ್ನು ಹುಣಸೆಹಣ್ಣು, ಪಾಲಿಶ್ ಹಾಕಿ ಉಜ್ಜಬೇಡಿ, ಕೊರೆದ ಹೆಸರು ಸವೆಯುತ್ತದೆ. ಡಿಸ್ಚಾರ್ಜ್ ಪುಸ್ತಕಕ್ಕೆ ಲ್ಯಾಮಿನೇಷನ್ ಬೇಡ, ಪುಟಗಳ ಫೋಟೋ ತೆಗೆದಿಟ್ಟುಕೊಂಡರೆ ಸಾಕು.

ಹಳೇ ಇನ್‌ಲ್ಯಾಂಡ್ ಲೆಟರ್ ಸಿಕ್ಕರೆ ವಿಳಾಸ ನೋಡಿ. ಊರಿನ ಹೆಸರಿರೋದಿಲ್ಲ, ಬರೀ 56 ಎಪಿಒ ಅಥವಾ 99 ಎಪಿಒ, ಅಂದರೆ ಸೇನೆಯ ಅಂಚೆ ಕಚೇರಿಯ ನಂಬರು. ಜಾಗ ಬಿಟ್ಟುಕೊಡಬಾರದು ಅಂತಲೇ ಹಾಗೆ. ಆದ್ದರಿಂದ ನಿಮಗೆ ನೀವೇ ಊರು ಊಹಿಸಿ ಬರೆಯಬೇಡಿ. ತಾರೀಖು ನೋಡಿ ಜೋಡಿಸಿ. ಯುದ್ಧ ನಡೆದದ್ದು 1971ರ ಡಿಸೆಂಬರ್ 3ರಿಂದ 16ರವರೆಗೆ. ನಮಗೆ ಸಿಕ್ಕ ಕಾಗದದಲ್ಲಿ ಡಿಸೆಂಬರ್ 20ರ ತಾರೀಖಿತ್ತು. ಅದರಲ್ಲಿ ಯುದ್ಧದ ಒಂದು ಮಾತೂ ಇಲ್ಲ. "ನಾನು ಚೆನ್ನಾಗಿದ್ದೇನೆ. ಅಡಿಕೆ ಕೊಯ್ಲು ಎಲ್ಲಿಗೆ ಬಂತು? ಹೊಳೆಯಲ್ಲಿ ನೀರು ಎಷ್ಟಿದೆ?" ಅಷ್ಟೇ. ನಾನು ಅದನ್ನು ಹಾಗೆಯೇ ಓದಿದೆ, ಒಂದಕ್ಷರ ಸೇರಿಸಲಿಲ್ಲ.

ಫೋಟೋಗಳ ವಿಷಯ. ಮಲೆನಾಡಿನ ಮಳೆಗೆ ಆಲ್ಬಮ್ಮಿನಲ್ಲಿ ಬೂಷ್ಟು ಹಿಡಿದು ಫೋಟೋ ಅಂಟಿಕೊಂಡಿರುತ್ತದೆ. ಎಳೆದು ಕೀಳಬೇಡಿ. ಇದ್ದ ಹಾಗೇ ಕಿಟಕಿ ಬೆಳಕಿನಲ್ಲಿ ಮೊಬೈಲಿನಲ್ಲಿ ತೆಗೆಯಿರಿ, ಫ್ಲ್ಯಾಶ್ ಬೇಡ.

ಸಂಸಾರದ ಭಾಗ ಬರೆಯುವಾಗ ಅಮ್ಮನ ಹತ್ತಿರ ಕೂರಲೇಬೇಕು. ಫೌಜಿಯ ಸಂಸಾರ ಅಂದರೆ ವರ್ಷಕ್ಕೆ ಎರಡು ತಿಂಗಳ ರಜೆ, ಉಳಿದ ಹತ್ತು ತಿಂಗಳು ಹೆಂಡತಿಯ ದುಡಿಮೆ. ನಾಟಿ, ಹಸು, ಮಕ್ಕಳ ಜ್ವರ, ಅತ್ತೆ ಮಾವನ ಆರೈಕೆ ಎಲ್ಲವನ್ನೂ ಹೊತ್ತವರನ್ನು "ಪತ್ನಿ ಹಾಗೂ ಮಕ್ಕಳನ್ನು ಅಗಲಿದ್ದಾರೆ" ಅನ್ನೋ ಸಾಲಿನಲ್ಲಿ ಮುಗಿಸಬೇಡಿ. ಅಪ್ಪ ರಜೆಯನ್ನು ಮೃಗಶಿರ ಮಳೆಗೆ ಹೊಂದಿಸಿಕೊಂಡು ಬರುತ್ತಿದ್ದರಂತೆ. ಮೀನು ಕೊಯ್ದು ಕೊಡುವುದು ಅವರ ಕೆಲಸ, ವಾಟೆಹುಳಿ ಹಾಕಿ ಸಾರು ಮಾಡೋದು ಅಮ್ಮನ ಕೆಲಸ. ಮೊದಲ ಸಲ ರಜೆಗೆ ಬಂದಾಗ ಅಕ್ಕ ಅವರನ್ನು ಗುರುತಿಸದೆ ಅಮ್ಮನ ಸೆರಗಿನ ಹಿಂದೆ ನಿಂತಿದ್ದಳಂತೆ. ಅಕ್ಕನಿಗೇ ಇದು ಗೊತ್ತಿರಲಿಲ್ಲ. ಸಿಟ್ಟು, ಹಟ ಇದ್ದರೆ ಅದನ್ನೂ ಒಂದು ಸಾಲು ಬರೆಯಿರಿ, ಕೇಳುವವರಿಗೆ ಮನುಷ್ಯ ಕಾಣಬೇಕು.

ಬರೆಯುವ ಗಡಿಬಿಡಿಯಲ್ಲಿ ಪಿಂಚಣಿ ಕಾಗದ ಮರೆಯಬೇಡಿ. ಮರಣ ಪ್ರಮಾಣಪತ್ರ, ಪಿಪಿಒ (ಪಿಂಚಣಿ ಮಂಜೂರಾದ ಆದೇಶ ಪತ್ರ) ಒಟ್ಟಿಗೆ ಇಡಿ. ಅಮ್ಮನ ಹೆಸರು, ಹುಟ್ಟಿದ ದಿನ ಸೇನೆಯ ದಾಖಲೆಯಲ್ಲೂ ಆಧಾರ್‌ನಲ್ಲೂ ಒಂದೇ ಇದೆಯಾ ನೋಡಿ. ಸಹಾಯಕ್ಕೆ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವರನ್ನು ಕೇಳಬಹುದು.

ಓದುವ ದಿನ ಎರಡು ಪುಟ ಸಾಕು. ಮೊದಲು ಮನೆಯಲ್ಲಿ ಜೋರಾಗಿ ಓದಿ ನೋಡಿ, ಗಂಟಲು ಕಟ್ಟುವ ಜಾಗ ಗೊತ್ತಾಗುತ್ತದೆ. ಅಲ್ಲಿ ನಿಲ್ಲಿ, ನೀರು ಕುಡಿಯಿರಿ, ಯಾರೂ ಏನೂ ಅಂದುಕೊಳ್ಳೋದಿಲ್ಲ.

ಉಳಿದದ್ದನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿ, ಹಿಂದೆ ಒಂದಿಷ್ಟು ಪುಟ ಖಾಲಿ ಬಿಡಿ. ಹಿರಿಯರಿಗೆ ಎಡೆ ಇಡುವ ದಿನ ಎಲ್ಲರೂ ಸೇರುತ್ತಾರಲ್ಲ, ಆಗ ಅದನ್ನು ಜಗಲಿಯ ಮೇಲಿಡಿ. ನಮ್ಮ ಮನೆಯಲ್ಲಿ ಕಳೆದ ಸಲ ಎಡೆಗೆ ಕಡುಬು, ಮೀನ್ ಸಾರು ಇಟ್ಟು ಬಾಗಿಲು ಮುಂದೆ ಮಾಡಿ ಕೂತಿದ್ದಾಗ, ಅಪ್ಪನ ಜೊತೆ ಗಾಳ ಹಾಕುತ್ತಿದ್ದ ಪಕ್ಕದ ಮನೆಯ ಅಜ್ಜ ಆ ನೋಟ್‌ಬುಕ್ ತರಿಸಿಕೊಂಡರು. ಕನ್ನಡಕ ಸರಿ ಮಾಡಿಕೊಂಡು, ಮುರುಗೋಡು ಮೀನಿನ ತೂಕ ನಾನು ಬರೆದದ್ದು ತಪ್ಪು ಅಂತ ಹೇಳಿ, ಪೆನ್ನು ಕೇಳಿದರು.